ಎರಡು ಮಂಡಿಗಳ ನಡುವಿನ ಫಾರ್ವರ್ಡ್

ಗರಿಯಾಹಾಟಿನ ನಮ್ಮ ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಸೀರೆ ಅಂಗಡಿಯವನಿಗೆ ಅರವತ್ತು ದಾಟಿತ್ತು. ಆದರೂ ಭಾನುವಾರ ಕಸ್ಬಾದ ಮೈದಾನದಲ್ಲಿ ತನ್ನಂಥ ಮುದುಕರ ಜೊತೆ ಫುಟ್ಬಾಲ್ ಆಡುತ್ತಿದ್ದ. ಅವನಿಗೆ ಫಾರ್ವರ್ಡ್ ಜಾಗವೇ ಬೇಕು. ಹಿಂದೆ ನಿಲ್ಲು ಎಂದರೆ ಮುಖ ಊದಿಸುತ್ತಿದ್ದ. ನನ್ನನ್ನು ಮಾಶಿಮಾ ಎನ್ನುತ್ತಿದ್ದ, ಬಂಗಾಳಿಯಲ್ಲಿ ಚಿಕ್ಕಮ್ಮ ಎಂದು.

ಅವನ ಬಾಯಲ್ಲಿ ಸದಾ ಒಬ್ಬ ಚೆಕ್ ಆಟಗಾರ. ಚೆಕ್ ಎಂದರೆ ಬ್ಯಾಂಕಿನದು ಎಂದುಕೊಂಡಿದ್ದೆ, ಅದು ದೇಶವಂತೆ. ಆ ಆಟಗಾರ ಸತ್ತು ಎಷ್ಟೋ ಕಾಲವಾಗಿದೆ. ಇವನು ಅವನನ್ನು ಕಂಡವನೂ ಅಲ್ಲ.

"ಮಾಶಿಮಾ, ಅವನು ಒಂದು ಮಹಾಯುದ್ಧ ಮುಗಿದ ಮೇಲೆ ಆಡಲು ಬಂದ, ಇನ್ನೊಂದು ಬರುವವರೆಗೆ ಗೋಲು ಹೊಡೆದ. ಸಿಕ್ಕಿದ್ದೇ ಅಷ್ಟು ಸಮಯ," ಎನ್ನುತ್ತಾ ಮೇಜಿನಡಿ ಕಾಲು ಬೀಸುತ್ತಿದ್ದ. ಎದುರಿನವರ ಸಾಂಬಾರು ಚೆಲ್ಲುತ್ತಿತ್ತು.

ಅವನ ಒಂದು ಮಂಡಿಗೆ ಆಪರೇಷನ್ ಆಯಿತು. ಇನ್ನೊಂದಕ್ಕೂ ಆಗಬೇಕು, ಆಟ ಸಾಕು ಎಂದರು ಡಾಕ್ಟರು. ಅವನು ಕೇಳಲಿಲ್ಲ.

"ನಾನೂ ಈಗ ಎರಡು ಯುದ್ಧದ ನಡುವೆ ಇದ್ದೇನೆ, ಮಾಶಿಮಾ."

ಅವನು ಬೀಳುವುದನ್ನು ನೋಡೋಣ ಎಂದು ಆ ಭಾನುವಾರ ಮೈದಾನಕ್ಕೆ ನಾನೂ ಹೋದೆ. ಅವನು ಓಡಲಿಲ್ಲ, ಗೋಲಿನ ಎದುರು ನಿಂತೇ ಇದ್ದ. ಯಾರೋ ಒದ್ದ ಚೆಂಡು ಅವನ ಕಾಲಿಗೆ ಬಡಿದು ಒಳಗೆ ಹೋಯಿತು. ಕೈಯೆತ್ತಿ ಕುಣಿದ.

"ನೀನು ಹೊಡೆದದ್ದಲ್ಲ ಮಾರಾಯಾ, ಅದೇ ಬಂದು ತಾಗಿದ್ದು," ಎಂದೆ.

"ಸರಿಯಾದ ಜಾಗದಲ್ಲಿ ನಿಂತವ ಯಾರು?"

ಎರಡನೇ ಆಪರೇಷನ್ನಿಗೆ ಹೊರಟ ದಿನವೂ ಇಡ್ಲಿಗೆ ಬಂದ. ಚೀಲದಲ್ಲಿ ಟವೆಲ್ಲಿನ ಮೇಲೆ ಆಟದ ಬೂಟು ಕಂಡಿತು.

"ಆಸ್ಪತ್ರೆಗೆ ಇದು ಎಂತಕ್ಕೆ?"

"ವಾಪಸ್ ಬರುವಾಗ ಮೈದಾನ ದಾರಿಯಲ್ಲೇ ಅಲ್ಲವಾ?"