ಬದರಿನಾಥನ ಬಾಯಿ

ಬದರಿನಾಥನಿಗೆ ಇದ್ದ ಒಂದೇ ಆಸ್ತಿ ಅವನ ಬಾಯಿ. ಬೆಂಗಳೂರಿನ ಜಯನಗರದಲ್ಲಿ ಮನೆಮನೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ. ಬೋರ್‌ವೆಲ್ ನೀರು ಕುಡಿದೇ ಎಂಬತ್ತು ದಾಟಿದ ಅಜ್ಜಿಯರಿಗೆ, ‘ನೀವು ಇಷ್ಟು ದಿನ ಬದುಕಿದ್ದೇ ಆಶ್ಚರ್ಯ’ ಎಂದು ನಂಬಿಸಿ, ಯಂತ್ರವನ್ನು ಅಡುಗೆಮನೆಯ ಗೋಡೆಗೆ ತಗುಲಿಸಿ, ಕಾಫಿಯನ್ನೂ ಕುಡಿದು ಬರುತ್ತಿದ್ದ. ಅಂಥವನನ್ನು ಹೆಂಡತಿಯ ಹಿಂದೆ ಸ್ವೀಡನ್ನಿಗೆ ಕಳಿಸಿದ ವಿಧಿಗೆ ಸ್ವಲ್ಪವೂ ಬುದ್ಧಿ ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಅವನ ಹೆಂಡತಿ ಪದ್ಮಿನಿ ದಂತವೈದ್ಯೆ. ಹಲ್ಲು ಕಿತ್ತು, ಹುಳುಕು ತುಂಬಿ ಕಳಿಸುವವಳಲ್ಲ. ವಾಸಿಯಾಗದ ಹುಣ್ಣು, ನಾಲಿಗೆಯ ಬಿಳಿ ಮಚ್ಚೆ, ದವಡೆಯೊಳಗೆ ಸದ್ದಿಲ್ಲದೆ ಬೆಳೆಯುವ ಗಂಟು, ಹೀಗೆ ಬೇರೆ ದಂತವೈದ್ಯರು ‘ಇದೇನೋ ಗೊತ್ತಾಗುತ್ತಿಲ್ಲ’ ಎಂದು ಕೈಚೆಲ್ಲಿದ ಮೇಲೆ ಜನ ಅವಳ ಹತ್ತಿರ ಬರುತ್ತಾರೆ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ, ಎಕ್ಸ್‌ರೇಯಲ್ಲಿ ಸೋಪಿನ ನೊರೆಯ ಹಾಗೆ ಕಂಡ ಯಾರದೋ ದವಡೆಯ ಗಡ್ಡೆಯನ್ನು ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ವರ್ಣಿಸಿದಳು. “ಎಂಥಾ ಬ್ಯೂಟಿಫುಲ್ ಲೀಷನ್ ಗೊತ್ತಾ!” ಎಂದು ಕಣ್ಣರಳಿಸಿದಳು. ನನ್ನ ಹೆಂಡತಿ ಗೀತಾ ಅವತ್ತು ಪಾಯಸ ಮುಟ್ಟಲಿಲ್ಲ. ಪದ್ಮಿನಿ ಎರಡು ಬಟ್ಟಲು ಹಾಕಿಸಿಕೊಂಡಳು.

ಅವಳ ಮನೆಯಲ್ಲಿ ಅಡಿಕೆಗೆ ಪ್ರವೇಶವಿಲ್ಲ. ಊರಿನಿಂದ ಯಾರಾದರೂ ಸುಪಾರಿ ಪೊಟ್ಟಣ ತಂದುಕೊಟ್ಟರೆ ಅವರೆದುರಿಗೇ ಕಸದ ಬುಟ್ಟಿಗೆ ಹಾಕುತ್ತಾಳೆ. “ತಂಬಾಕು ಇಲ್ಲ, ಬರೀ ಅಡಿಕೆ ಅಲ್ವಾ ಮೇಡಂ” ಎಂದವರಿಗೆ ಅರ್ಧ ಗಂಟೆ ಪಾಠ ಗ್ಯಾರಂಟಿ. ತಾಂಬೂಲದ ತಟ್ಟೆಯಲ್ಲಿ ಕೂಡ ಅಡಿಕೆಯ ಜಾಗಕ್ಕೆ ಖರ್ಜೂರ ಇಡುವ ಮನೆ ಅದು.

ಅವರು ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ಗೆ ಬಂದದ್ದು ೨೦೧೦ರಲ್ಲಿ. ನಾನು ಅದಕ್ಕೂ ಮೊದಲೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸೇರಿದ್ದೆ. ಪದ್ಮಿನಿ ಬೆಳಗಾಗುವ ಮುಂಚೆ ಆಸ್ಪತ್ರೆಗೆ ಹೋದರೆ ಕತ್ತಲಾದ ಮೇಲೆ ಬರುವಳು. ಚಳಿಗಾಲದಲ್ಲಿ ಅದೇನೂ ದೊಡ್ಡ ಮಾತಲ್ಲ, ಆದರೆ ಅವಳು ಬೇಸಿಗೆಯಲ್ಲೂ ಹಾಗೆಯೇ. ಮಗಳು ದಿಯಾ ಒಂದೇ ವರ್ಷದಲ್ಲಿ ಅಪ್ಪನ ಕನ್ನಡದ ಪ್ರಶ್ನೆಗಳಿಗೆಲ್ಲ ಸ್ವೀಡಿಷ್‌ನಲ್ಲಿ ಒಂದೊಂದೇ ಪದದ ಉತ್ತರ ಕೊಡುವಷ್ಟು ಬೆಳೆದಳು. ಬದರಿ ಸರ್ಕಾರದ ಭಾಷಾ ತರಗತಿಗೆ ಹೋದ, ಎರಡು ವರ್ಷ ಕೆಲಸ ಹುಡುಕಿದ, ಕೊನೆಗೆ ಪಾರ್ಸೆಲ್ ವಿಂಗಡಿಸುವ ಗೋದಾಮಿನಲ್ಲಿ ಸೇರಿಕೊಂಡ. ಅಲ್ಲಿ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇರುತ್ತಾರಂತೆ. ಆದರೂ ನಮ್ಮ ಕನ್ನಡಿಗರು ಸೇರುವ ಹಬ್ಬಗಳಲ್ಲಿ ಮೈಕು ಅವನದೇ. ಎರಡು ಹಾಡುಗಳ ನಡುವೆ ಅವನು ಮಾತಾಡಲು ನಿಂತರೆ ಮೂರನೆಯ ಹಾಡಿನವರು ಮನೆಗೆ ಹೋಗಿಬಿಡುತ್ತಿದ್ದರು.

ಅಂಥ ಬದರಿ ನೋಡನೋಡುತ್ತ ಬದಲಾದ. ಮೊದಲು ಖಾರ ಬಿಟ್ಟ. ಉಪ್ಪಿನಕಾಯಿ ಕಂಡರೆ ಹಿಂದೆ ಸರಿಯುತ್ತಿದ್ದ. ಸಾರಿಗೆ ಮೊಸರು ಬೆರೆಸಿಕೊಂಡು, ಬೇಯಿಸಿದ ಆಲೂಗಡ್ಡೆಯನ್ನು ಸಣ್ಣಸಣ್ಣ ಚೂರು ಮಾಡಿ ತಿನ್ನತೊಡಗಿದ. ಆಮೇಲೆ ಮಾತು ಕಡಿಮೆಯಾಯಿತು. ಮೈಕನ್ನು ನಮ್ಮ ಗುಂಪಿನ ಸುದರ್ಶನನಿಗೆ ಬಿಟ್ಟುಕೊಟ್ಟ. ನಗುವಾಗ ಕೂಡ ತುಟಿ ಅಗಲಿಸದೆ ಮರ್ಯಾದೆಯಾಗಿ ನಗುತ್ತಿದ್ದ. ಕಿಸೆಯಲ್ಲಿ ಸ್ನೂಸ್‌ನ ದುಂಡು ಡಬ್ಬಿ ಬಂತು. ಸ್ನೂಸ್ ಎಂದರೆ ಮೇಲ್ತುಟಿಯ ಒಳಗೆ ಸಿಕ್ಕಿಸಿಕೊಳ್ಳುವ ತಂಬಾಕಿನ ಪುಟ್ಟ ಚೀಲ. ಇಲ್ಲಿ ಬಸ್ ಓಡಿಸುವವರಿಂದ ಹಿಡಿದು ನಮ್ಮ ವಿಭಾಗದ ಮುಖ್ಯಸ್ಥನವರೆಗೆ ಎಲ್ಲರ ಕಿಸೆಯಲ್ಲೂ ಆ ಡಬ್ಬಿ ಇರುತ್ತದೆ. ಸಪ್ಪೆ ಊಟ, ಕಡಿಮೆ ಮಾತು, ಸ್ನೂಸ್ ಡಬ್ಬಿ! ನಾವೆಲ್ಲ ಏಕಕಂಠದಿಂದ ತೀರ್ಮಾನಿಸಿದೆವು: ಬದರಿ ಸ್ವೀಡಿಷ್ ಆಗಿಬಿಟ್ಟ. ನಮ್ಮಲ್ಲಿ ಕೆಲವರಿಗೆ ಹೊಟ್ಟೆಕಿಚ್ಚೂ ಆಯಿತು.

ಪದ್ಮಿನಿಗೂ ಹಾಗೇ ಅನ್ನಿಸಿತ್ತು. ಡಬ್ಬಿಯನ್ನು ಅವಳು ಕೋಟಿನ ಕಿಸೆಯಲ್ಲಿ ನೋಡಿದ್ದಳು. ಗಂಡಸಿಗೆ ಹೊಸ ದೇಶದಲ್ಲಿ ಒಂದು ಚಟ ಹತ್ತಿದೆ, ಕೇಳಿದರೆ ಮಾನ ಹೋಗುತ್ತದೆ ಎಂದು ಸುಮ್ಮನಾದಳು. ಆದರೂ ವೈದ್ಯೆಯ ಬುದ್ಧಿ ಎಲ್ಲಿ ಬಿಡುತ್ತದೆ? ಅವನು ಕನ್ನಡಿಯ ಮುಂದೆ ಮೀಸೆ ಕತ್ತರಿಸುವಾಗ ಮೇಲ್ತುಟಿಯ ಒಳಭಾಗವನ್ನು ಕಳ್ಳನೋಟದಲ್ಲಿ ಪರೀಕ್ಷಿಸಿದ್ದಳು. ಸ್ನೂಸ್ ಇಡುವ ಜಾಗ ನುಣ್ಣಗೆ, ಗುಲಾಬಿಯಾಗಿ ಇತ್ತು. ಕಡಿಮೆ ಹಾಕುತ್ತಾನೆ ಎಂದು ಸಮಾಧಾನಪಟ್ಟುಕೊಂಡಳು.

೨೦೧೬ರ ಯುಗಾದಿಗೆ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಸುದರ್ಶನನ ಹೆಂಡತಿ ಲಾವಣ್ಯಾ ಪಾನಿಪುರಿ ಅಂಗಡಿ ಹಾಕಿದ್ದಳು. ಎಲ್ಲರೂ ಬಾಯಿ ಹಿಗ್ಗಿಸಿ, ಕಣ್ಣಲ್ಲಿ ನೀರು ತರಿಸಿಕೊಂಡು ಗುಳುಂ ಮಾಡುತ್ತಿದ್ದರೆ ಬದರಿ ಒಂದು ಮೂಲೆಯಲ್ಲಿ ಪೂರಿಯನ್ನು ತಟ್ಟೆಯ ಮೇಲಿಟ್ಟು, ಫೋರ್ಕಿನಿಂದ ಒಡೆದು, ಪಾನಿ ಇಲ್ಲದೆ ಚೂರುಚೂರಾಗಿ ತಿನ್ನುತ್ತಿದ್ದ.

“ನೋಡ್ರಪ್ಪಾ, ಫೋರ್ಕಲ್ಲಿ ಪಾನಿಪುರಿ!” ಎಂದು ಸುದರ್ಶನ ಮೈಕಿನಲ್ಲೇ ಕೂಗಿದ. “ಇವನಿಗೆ ನಾಳೇನೇ ಸ್ವೀಡಿಷ್ ಪಾಸ್‌ಪೋರ್ಟ್ ಕೊಟ್ಬಿಡಿ!”

ಹಾಲ್‌ಗೆ ಹಾಲೇ ನಕ್ಕಿತು. ಪದ್ಮಿನಿಯೂ ನಕ್ಕಳು. ಅರ್ಧ ನಕ್ಕು ನಿಲ್ಲಿಸಿದಳು. ಕೈಯಲ್ಲಿದ್ದ ತಟ್ಟೆಯನ್ನು ನನ್ನ ಕೈಗೆ ತುರುಕಿ ಅವನ ಹತ್ತಿರ ಹೋದಳು.

“ರೀ, ಒಂದು ಪೂರಿ ಇಡಿಯಾಗಿ ಬಾಯಿಗೆ ಹಾಕ್ಕೊಳ್ಳಿ.”

“ಖಾರ ಕಣೇ, ಬೇಡ.”

“ಪಾನಿ ಬೇಡ, ಆಲೂ ಬೇಡ, ಖಾಲಿ ಪೂರಿ. ಹಾಕ್ಕೊಳ್ಳಿ ಅಂದೆ.”

ಹಾಕಿಕೊಳ್ಳಲು ಹೋದ. ಪೂರಿ ಮುಂದಿನ ಹಲ್ಲುಗಳಿಗೆ ತಗುಲಿ ಒಡೆದು ರೇಷ್ಮೆ ಜುಬ್ಬಾದ ಮೇಲೆ ಉದುರಿತು. ಹಾಲ್ ಮತ್ತೊಮ್ಮೆ ನಕ್ಕಿತು. ಪದ್ಮಿನಿ ನಗಲಿಲ್ಲ. “ಆ ಮಾಡಿ” ಎಂದಳು. ಸಭೆಯಲ್ಲಿ ಏನಿದು ಎಂದು ಅವನು ಗೊಣಗಿದ. “ಆ ಮಾಡ್ರೀ!” ಎಂದು ಅವಳು ಕೂಗಿದ ರೀತಿಗೆ ಮೈಕು ಕೂಡ ಕುಂಯ್ ಎಂದಿತು. ಬಾಯಿ ಪೂರ್ತಿ ತೆರೆದಾಗ ಅವರವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಹಿಡಿಸಬೇಕು, ಅದು ಲೆಕ್ಕ. ಬದರಿಯ ಬಾಯಿಗೆ ಎರಡು ಬೆರಳೇ ಪ್ರಯಾಸಪಟ್ಟು ಹೋದವು. ಅವಳು ಫೋನಿನ ಟಾರ್ಚ್ ಹಚ್ಚಿ ನೋಡಿದಳು, ಕೆನ್ನೆಯ ಒಳಗೆ ಬೆರಳಾಡಿಸಿದಳು. ಕೆಂಪಾಗಿರಬೇಕಾದ ಒಳಪದರ ಬಿಳಿಚಿಕೊಂಡು, ನಾರುಗಟ್ಟಿ, ದಾರ ಬಿಗಿದ ಹಾಗೆ ಸಿಗುತ್ತಿತ್ತು. ಹಿಂದೆ, ಕೊನೆಯ ಹಲ್ಲಿನ ಪಕ್ಕದಲ್ಲಿ ಒಂದು ಕೆಂಪು-ಬಿಳಿ ಮಚ್ಚೆ.

“ಡಬ್ಬಿ ಕೊಡಿ.”

ಕೊಟ್ಟ. ಅವಳು ಮುಚ್ಚಳ ತೆಗೆದು ಮೂಸಿದಳು. ಏಲಕ್ಕಿ, ಮೆಂಥಾಲ್, ಗುಲ್ಕಂದ್. ತೆಳ್ಳಗೆ ಹೆಚ್ಚಿದ ಸಿಹಿ ಅಡಿಕೆ ಡಬ್ಬಿ ತುಂಬ ಇತ್ತು. ಹೆಂಡತಿಗೆ ಅಡಿಕೆ ಎಂದು ಗೊತ್ತಾಗದಿರಲಿ ಎಂದು ಆ ಮಹಾಶಯ ತಂಬಾಕಿನ ಡಬ್ಬಿಯೊಳಗೆ ಅಡಗಿಸಿಟ್ಟಿದ್ದ. ಅಡಿಕೆ ಬಚ್ಚಿಡಲು ತಂಬಾಕಿನ ಮರೆ ಹಿಡಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

“ಎಷ್ಟು ವರ್ಷದಿಂದ?”

“ಬಂದಾಗಿಂದ,” ಎಂದ.

ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ. ಅಡಿಕೆ ತಿಂದು ತಿಂದು ಮೊದಲು ಬಾಯಿ ಉರಿಯುತ್ತದೆ, ಖಾರ ಸೇರುವುದಿಲ್ಲ. ಆಮೇಲೆ ಕೆನ್ನೆಯ ಒಳಗೆಲ್ಲ ನಾರು ಬೆಳೆದು ಬಾಯಿ ವರ್ಷಕ್ಕಿಷ್ಟು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಕೆಲವರಿಗೆ ಅದು ಕ್ಯಾನ್ಸರ್‌ಗೆ ತಿರುಗುತ್ತದೆ. ಆ ಹಿಂದಿನ ಮಚ್ಚೆ ತಿರುಗಿದೆಯೋ ಇಲ್ಲವೋ ಎಂಬುದೊಂದೇ ಈಗಿನ ಪ್ರಶ್ನೆ ಎಂದು ಪದ್ಮಿನಿ ಅಲ್ಲೇ ನಿಂತು ಹೇಳಿದಳು. ನಾವು ಸ್ವೀಡಿಷ್ ಸಂಸ್ಕಾರ ಎಂದು ಮೆಚ್ಚಿಕೊಂಡದ್ದೆಲ್ಲ ಕಾಯಿಲೆಯ ಲಕ್ಷಣವಾಗಿತ್ತು. ಐದು ನಿಮಿಷದೊಳಗೆ ಹಾಲ್‌ನ ನಾಲ್ಕೂ ಮೂಲೆಗಳಲ್ಲಿ ರೇಷ್ಮೆ ಸೀರೆಯವರೂ ಜುಬ್ಬಾದವರೂ ಗೋಡೆಗೆ ಮುಖಮಾಡಿ ಬಾಯಿಗೆ ಮೂರು ಬೆರಳು ತುರುಕಿಕೊಳ್ಳುತ್ತಿದ್ದರು. ಬೀಗ ಹಾಕಲು ಬಂದ ಶಾಲೆಯ ಸ್ವೀಡಿಷ್ ಕಾವಲುಗಾರ ಬಾಗಿಲಲ್ಲೇ ನಿಂತು ನೋಡಿ, ನಮ್ಮ ಹೊಸ ವರ್ಷದ ಆಚಾರವಿರಬೇಕೆಂದು ಗೌರವದಿಂದ ಟೋಪಿ ತೆಗೆದ.

ಗಂಡನಿಗೆ ತಾನೇ ಚಿಕಿತ್ಸೆ ಮಾಡುವಂತಿಲ್ಲವೆಂದು ಪದ್ಮಿನಿ ಗೋಥೆನ್‌ಬರ್ಗ್‌ನ ಪರಿಚಯದ ತಜ್ಞೆ ಗುನಿಲ್ಲಾಗೆ ಫೋನ್ ಮಾಡಿದಳು. ಕಾರು ನಾನು ಓಡಿಸಿದೆ. ಗುನಿಲ್ಲಾ ಇಂಥ ಬಾಯನ್ನು ಪಾಠದ ಚಿತ್ರಗಳಲ್ಲಿ ಬಿಟ್ಟರೆ ಒಂದೆರಡು ಸಲ ಮಾತ್ರ ನೋಡಿದ್ದಳಂತೆ. ಬಹಳ ವಿನಯದಿಂದ, ತನ್ನ ವಿದ್ಯಾರ್ಥಿಗಳೂ ನೋಡಬಹುದೇ ಎಂದು ಕೇಳಿದಳು. ಬದರಿಯ ಮುಖ ಅರಳಿತು. ಎಷ್ಟೋ ವರ್ಷಗಳ ನಂತರ ಅವನಿಗೆ ಸಭಿಕರು ಸಿಕ್ಕಿದ್ದರು! ಕೋಣೆ ತುಂಬ ಬಿಳಿ ಕೋಟುಗಳು ಬಗ್ಗಿ ಬಗ್ಗಿ ನೋಡುತ್ತಿದ್ದರೆ, “ನಂದು, ನೀನೂ ಬಾರೋ, ನೋಡು” ಎಂದು ನನ್ನನ್ನೂ ಕರೆದ.

ಗುನಿಲ್ಲಾ ಒಂದೊಂದಾಗಿ ಕೇಳಿದಳು. ತಂಬಾಕು? ಇಲ್ಲ. ಸ್ನೂಸ್? ಇಲ್ಲ. ಮದ್ಯ? ಇಲ್ಲವೇ ಇಲ್ಲ. ಪ್ರತಿ ವರ್ಷ ಹಲ್ಲು ತೋರಿಸಲು ಹೋದಾಗಲೂ ಅವನು ಇದೇ ಉತ್ತರವನ್ನು ಎದೆಯುಬ್ಬಿಸಿ ಕೊಟ್ಟಿದ್ದ, ಅದರಲ್ಲಿ ಒಂದೂ ಸುಳ್ಳಲ್ಲ. ಅಡಿಕೆಯ ಬಗ್ಗೆ ಈ ದೇಶದಲ್ಲಿ ಯಾರೂ ಕೇಳುವುದಿಲ್ಲ, ಕೇಳದ್ದನ್ನು ಅವನು ಹೇಳಲಿಲ್ಲ.

ಮಚ್ಚೆಯಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕಾಯುವ ದಿನಗಳಲ್ಲಿ ಬದರಿ ಮಾಮೂಲಿನಂತೆ ಪಾರ್ಸೆಲ್ ವಿಂಗಡಿಸಿದ, ಕುಸಿದವಳು ಪದ್ಮಿನಿ. ಎಷ್ಟೋ ಜನರನ್ನು ಎದುರು ಕೂರಿಸಿಕೊಂಡು, ದನಿ ಏರಿಸದೆ ಇಳಿಸದೆ, ನಿಮಗೆ ಕ್ಯಾನ್ಸರ್ ಇದೆ ಎಂದು ಹೇಳಿದವಳು ನಮ್ಮ ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು.

“ದಿನಾ ಎದುರಿಗೆ ಕೂತು ಊಟ ಮಾಡೋ ಬಾಯಿ, ನಂದಕುಮಾರ್. ಖಾರ ಬಿಟ್ರು, ಮಾತು ಬಿಟ್ರು. ಸ್ಟೂಡೆಂಟ್ ಆಗಿದ್ರೆ ಕಣ್ಮುಚ್ಚಿ ಡಯಾಗ್ನೋಸಿಸ್ ಹೇಳ್ತಿದ್ದೆ. ಮನೆ ಶಾಂತವಾಗಿದೆ ಅಂತ ಖುಷಿಯಾಗಿದ್ದೆ ನಾನು.”

ಫಲಿತಾಂಶ ಕೇಳಲು ಮತ್ತೆ ಮೂವರೂ ಹೋದೆವು. ಕ್ಯಾನ್ಸರ್ ಆಗಿರಲಿಲ್ಲ. ಆದರೆ ಜೀವಕೋಶಗಳು ದಾರಿ ತಪ್ಪಲು ಶುರುಮಾಡಿದ್ದವು. ಮಚ್ಚೆಯನ್ನು ತೆಗೆಯಬೇಕು, ಜೀವನಪೂರ್ತಿ ಬಾಯಿ ತೋರಿಸುತ್ತಿರಬೇಕು. ಬಿಗಿತಕ್ಕೆ ಕೆನ್ನೆಗೆ ಇಂಜೆಕ್ಷನ್, ವ್ಯಾಯಾಮ. ಬಾಯಿ ಸ್ವಲ್ಪ ತೆರೆದೀತು, ಮೊದಲಿನಂತೆ ಎಂದೂ ಆಗದು. ಅಡಿಕೆ ಒಂದು ಚೂರೂ ಕೂಡದು.

ಗುನಿಲ್ಲಾ ಸ್ನೂಸ್ ಬಿಡಿಸುವುದರಲ್ಲಿ ಪಳಗಿದವಳು. ಅದೇ ರೂಢಿಯಲ್ಲಿ, “ಬೇಕು ಅಂತ ಯಾವಾಗ ಅನ್ನಿಸುತ್ತದೆ? ಶುರುವಾದದ್ದು ಹೇಗೆ?” ಎಂದು ಕೇಳಿದಳು. ಬದರಿ ಸ್ವೀಡಿಷ್‌ನಲ್ಲಿ ಎರಡು ವಾಕ್ಯ ಹೇಳಿದ. ಮೂರನೆಯದಕ್ಕೆ ಪದ ಸಿಗಲಿಲ್ಲ. ಹೆಂಡತಿಯ ಕಡೆ ತಿರುಗಿ ಕನ್ನಡಕ್ಕೆ ಇಳಿದ.

“ಬಂದ ಹೊಸದ್ರಲ್ಲಿ, ನೀನು ಬೆಳಿಗ್ಗೆ ಹೋಗ್ಬಿಡ್ತಿದ್ದೆ. ದಿಯಾ ಸ್ಕೂಲಿಗೆ. ಸಂಜೆ ತನಕ ಒಂದು ಮಾತಾಡೋಕೆ ಒಂದು ನರಪಿಳ್ಳೆ ಇರ್ತಿರ್ಲಿಲ್ಲ ಪದ್ದು. ನೀನು ಬಂದ್ರೆ ಸುಸ್ತು. ಏನಾದ್ರೂ ಹೇಳೋಕೆ ಬಂದ್ರೆ, ‘ಆಮೇಲೆ ರೀ’ ಅಂತಿದ್ದೆ. ನನ್ ಬಾಯಿ ಸುಮ್ನೆ ಇರಲ್ಲ, ಗೊತ್ತಲ್ಲ. ಅದಕ್ಕೇನಾದ್ರೂ ಕೆಲಸ ಕೊಡಬೇಕಿತ್ತು. ಕೊಟ್ಟೆ.” ಗುನಿಲ್ಲಾ ಕಡೆ ಕೈ ತೋರಿಸಿ, “ಹೇಳು ಅವರಿಗೆ, ಕಾಯ್ತಿದಾರೆ” ಎಂದ.

ದೂರು ಹೇಳುವ ದನಿಯೇ ಅಲ್ಲ ಅದು. ಬಸ್ಸು ತಡವಾಯಿತು ಎಂದಷ್ಟು ಸಲೀಸಾಗಿ ಹೇಳಿದ. ಪದ್ಮಿನಿ ಎರಡು ಸಲ ಶುರುಮಾಡಿ ನಿಲ್ಲಿಸಿದಳು. ಆಮೇಲೆ ಒಂದು ಮಾತನ್ನೂ ಬಿಡದೆ, ‘ಆಮೇಲೆ ರೀ’ ಎಂಬುದನ್ನೂ ಸೇರಿಸಿ, ತನ್ನದೇ ವೃತ್ತಿಯ ಗುನಿಲ್ಲಾಗೆ ಸ್ವೀಡಿಷ್‌ನಲ್ಲಿ ಹೇಳಿದಳು. ಹೇಳುವಾಗ ಗೋಡೆಯನ್ನು ನೋಡುತ್ತಿದ್ದಳು. ನನಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು.

ವ್ಯಾಯಾಮ ಎಂದರೆ, ಐಸ್‌ಕ್ರೀಮ್ ಕಡ್ಡಿಯಂಥ ಮರದ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಸಿಕ್ಕಿಸಿಕೊಂಡು ಕೂರುವುದು. ಬಾಯಿ ಸಡಿಲಾದ ಹಾಗೆ ಇನ್ನೊಂದು ಕಡ್ಡಿ ತುರುಕುವುದು. ನೋವು ಸಾಕಷ್ಟು. ಪದ್ಮಿನಿ ಸಂಜೆ ಬೇಗ ಬರತೊಡಗಿದಳು. ಎದುರಿಗೆ ಕೂತು ಕಾಯುವುದು ಅವಳ ಕೆಲಸ. ಮೊದಮೊದಲು ಇಬ್ಬರೂ ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರಂತೆ. ಅವನು ಮಾತಾಡುವಂತಿಲ್ಲ. ಕೊನೆಗೆ ಅವಳೇ ಶುರುಮಾಡಿದಳು.

ಆ ಚಳಿಗಾಲದಲ್ಲಿ ಒಂದು ಸಂಜೆ ನಾನು ಹೋದಾಗ ಅವಳು ತನ್ನ ಮೊದಲ ವರ್ಷದ ಕಥೆ ಹೇಳುತ್ತಿದ್ದಳು. ರೋಗಿಯೊಬ್ಬ ಅವಳ ಸ್ವೀಡಿಷ್ ಕೇಳಿ ಬೇರೆ ಡಾಕ್ಟರು ಬೇಕು ಎಂದದ್ದು, ಆಸ್ಪತ್ರೆಯ ಬಚ್ಚಲಲ್ಲಿ ನಿಂತು ಅತ್ತದ್ದು, ಮನೆಗೆ ಬಂದು ಯಾರಿಗೂ ಹೇಳದೆ ಮಲಗಿದ್ದು. ಬದರಿ ಬಾಯಿಗೆ ಕಡ್ಡಿ ಸಿಕ್ಕಿಸಿಕೊಂಡು, ಕೊರಳಿಗೆ ಟವೆಲ್ ಕಟ್ಟಿಕೊಂಡು, ಕಣ್ಣು ಪಿಳುಕಿಸದೆ ಕೇಳುತ್ತಿದ್ದ. ಅಷ್ಟರಲ್ಲಿ ಫೋನಿನ ಅಲಾರಂ ಹೊಡೆಯಿತು.

“ಟೈಮ್ ಆಯ್ತು, ತೆಗೀರಿ ರೀ,” ಎಂದು ಪದ್ಮಿನಿ ಮಾತು ನಿಲ್ಲಿಸಿದಳು.

ಅವನ ಗದ್ದದಿಂದ ಎಂಜಲು ಟವೆಲ್ ಮೇಲೆ ಸುರಿಯುತ್ತಿತ್ತು, ನೋವಿಗೆ ಕಣ್ಣು ಕೆಂಪಾಗಿತ್ತು. ಕಡ್ಡಿ ತೆಗೆಯಲಿಲ್ಲ. ಮುಂದೆ ಹೇಳು ಎಂದು ಕೈಸನ್ನೆ ಮಾಡಿದ.