ಹೊಸ ಫೋನಿನಲ್ಲಿ ಅಕ್ಕನ ಬೆರಳು

ನಮ್ಮ ಕೊಟ್ಟೂರಿಗೆ ಫೈವ್‌ಜಿ ಬಂತೆಂದು ನನಗೆ ಮೊದಲು ತಿಳಿದದ್ದು ಮೊಬೈಲ್ ಅಂಗಡಿಯ ಮುಂದೆ ಕಟ್ಟಿದ್ದ ಬಲೂನುಗಳಿಂದ. ತರಕಾರಿಗೆ ಹೋದಾಗಲೆಲ್ಲ ಅವನ್ನು ನೋಡುತ್ತಿದ್ದೆ. ಬಿಸಿಲಿಗೆ ಒಂದೊಂದಾಗಿ ಸೊರಗಿ, ಹದಿನೈದು ದಿನದಲ್ಲಿ ದಾರಕ್ಕೆ ಅಂಟಿಕೊಂಡ ರಬ್ಬರಿನ ಚೂರುಗಳಷ್ಟೇ ಉಳಿದವು. ನಾನು ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿರಲಿಲ್ಲ.

ನನ್ನ ಫೋನು ಆರು ವರ್ಷದ ಹಿಂದಿನದು. ಅದಕ್ಕೆ ಫೈವ್‌ಜಿ ಹಿಡಿಯುವುದಿಲ್ಲ. ಗ್ಯಾಸ್ ಬುಕ್ ಮಾಡಲು, ನಮ್ಮ ಅಂಗಡಿಯಲ್ಲಿರುವ ಮನೆಯವರನ್ನು ಊಟಕ್ಕೆ ಕರೆಯಲು ಅದೇ ಧಾರಾಳ. ಹೊಸದು ಬೇಕೆನ್ನಿಸಿದ್ದು ಒಂದೇ ಕಾರಣಕ್ಕೆ. ಹಡಗಲಿಯಲ್ಲಿ ತನ್ನ ಮಗಳ ಮನೆಯಲ್ಲಿದ್ದ ನನ್ನ ಅಕ್ಕನ ಬೆರಳುಗಳು ನನಗೆ ಸರಿಯಾಗಿ ಕಾಣಬೇಕಿತ್ತು.

ಪಾರ್ಶ್ವವಾಯು ಹೊಡೆದು ಅಕ್ಕನ ಬಲಗೈ, ಬಲಗಾಲು ಹೋಗಿದ್ದವು. ನಾಲಗೆಯೂ ಹೊರಳುತ್ತಿರಲಿಲ್ಲ. ಆದರೆ ನಮ್ಮಿಬ್ಬರಿಗೆ ಎಡಗೈಯ ಭಾಷೆಯೊಂದಿತ್ತು. ಚಿಕ್ಕಂದಿನಲ್ಲಿ ನಾವು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಊಟದ ಗಂಟೆ ಹೊಡೆಯುವವರೆಗೂ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಸಿಸ್ಟರ್ ಒಬ್ಬರು ಮೆತ್ತನೆಯ ಚಪ್ಪಲಿ ಹಾಕಿಕೊಂಡು ಸಾಲುಗಳ ನಡುವೆ ಓಡಾಡುತ್ತಿದ್ದರು. ಬಲಗೈಯಲ್ಲಿ ಪೆನ್ಸಿಲ್ ಇರಲೇಬೇಕು. ಹಾಗಾಗಿ ಡೆಸ್ಕಿನ ಕೆಳಗೆ ಎಡಗೈ ಮಾತಾಡುತ್ತಿತ್ತು. ಕನ್ನಡದ ಅಕ್ಷರಕ್ಕೆಲ್ಲ ಬೆರಳು ಸಾಲುವುದಿಲ್ಲವೆಂದು ಇಂಗ್ಲಿಷಿನ ಇಪ್ಪತ್ತಾರನ್ನೇ ಹಂಚಿಕೊಂಡಿದ್ದೆವು. ಕಿರುಬೆರಳು ಎತ್ತಿದರೆ ಯು, ಹೆಬ್ಬೆರಳು ಹೊರಗೆ ಚಾಚಿದರೆ ಎ. ಮುಷ್ಟಿ ಬಿಗಿ ಹಿಡಿದರೆ ಸಿಸ್ಟರ್ ಬಂದರು, ನಿಲ್ಲಿಸು ಎಂದು. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಾದರೂ ಆಡುತ್ತಿದ್ದದ್ದು ಮನೆಯ ಮಾತೇ.

ಅಕ್ಕ ಆಸ್ಪತ್ರೆಯಿಂದ ಬಂದ ಹದಿನೈದನೇ ದಿನ, ಹೊದಿಕೆಯ ಮೇಲೆ ಅವಳ ಎಡಗೈ ಕಿರುಬೆರಳು ಎದ್ದದ್ದನ್ನು ನಾನೇ ಮೊದಲು ಕಂಡದ್ದು. ಯು, ಟಿ, ಎ. ಊಟ. ನನ್ನ ಊಟ ಆಯಿತೇ ಎಂದು ಕೇಳುತ್ತಿದ್ದಳು. ಅವಳಿಗೆ ಮೂಗಿನಲ್ಲಿ ನಳಿಕೆಯಿತ್ತು.

ನನಗೆ ಹಡಗಲಿಗೆ ಮೇಲಿಂದ ಮೇಲೆ ಹೋಗಲು ಆಗುತ್ತಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ತಿಂಗಳಿಗೊಮ್ಮೆ ಹೊರಟರೆ ಹೆಚ್ಚು. ಅದಕ್ಕೇ ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಅತ್ತೆಗೆ ಗಂಜಿ ಕುಡಿಸಿ ಮಲಗಿಸಿದ ಮೇಲೆ, ವಿಡಿಯೊ ಕಾಲ್. ಅಕ್ಕನ ಮಗಳು ಫೋನನ್ನು ಅವಳ ಕೈಯ ಕಡೆ ಹಿಡಿಯುತ್ತಿದ್ದಳು. ನನ್ನ ಫೋನಿನಲ್ಲಿ ಚಿತ್ರ ಬರುವುದು, ನಿಲ್ಲುವುದು, ಮಸುಕಾಗುವುದು, ಇದ್ದಕ್ಕಿದ್ದಂತೆ ಮುಂದಕ್ಕೆ ಹಾರುವುದು. ಕಿರುಬೆರಳು ಎತ್ತಿದ್ದಲ್ಲಿ ನಿಂತರೆ ಯು ಎಂದು ಬರೆದುಕೊಳ್ಳುತ್ತಿದ್ದೆ. ನಡುವೆ ಏನು ಹೋಯಿತೋ ಕಾಣದು. ಆಮೇಲೆ ಹೆಬ್ಬೆರಳು. ಹಳೆಯ ನೋಟ್‌ಬುಕ್ಕಿನಲ್ಲಿ ಅಕ್ಷರ ಗೀಚಿ, ಬಿಟ್ಟುಹೋದದ್ದನ್ನು ತುಂಬಿ ಓದುತ್ತಿದ್ದೆ. ಒಮ್ಮೆ ಪಿ, ಯು, ಐ ಸಿಕ್ಕವು. ಪುಡಿ! ಅಕ್ಕನಿಗೆ ಗುರೆಳ್ಳ ಚಟ್ನಿಪುಡಿಯೆಂದರೆ ಜೀವ. ಅವತ್ತೇ ಹುರಿದು ಕುಟ್ಟಿ, ಹಡಗಲಿ ಬಸ್ಸಿನ ಡ್ರೈವರ್ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದೆ. ಆ ಹೊತ್ತಿಗೆ ನಳಿಕೆ ತೆಗೆದು ಮೆತ್ತನೆಯ ಅನ್ನ ತಿನ್ನಿಸುತ್ತಿದ್ದರು. ಮೊಸರನ್ನದಲ್ಲಿ ಕಲಸಿ ಕೊಟ್ಟೆ, ತಿಂದಳು ಎಂದಳು ಮಗಳು.

ಹಡಗಲಿಯಲ್ಲಿ ಅಕ್ಕನ ಮಗಳ ಫೋನು ಫೈವ್‌ಜಿಯದು. ಹಿಂದೆ ಬಿದ್ದದ್ದು ನಾನೇ. ನನ್ನಿಂದಲೇ ಅಕ್ಕನ ಅರ್ಧ ಮಾತು ದಾರಿಯಲ್ಲಿ ಉದುರುತ್ತಿತ್ತು.

ಮನೆಯವರ ಹತ್ತಿರ ಹೇಳಿದರೆ ಅವರು ನಕ್ಕರು. “ಇರೋ ಫೋನಿಗೆ ಏನಾಗೇತಿ? ನೆಟ್‌ವರ್ಕ್ ಜೋರಾದ್ರ ನಿಮ್ಮ ಅಕ್ಕ ಏನ್ ಜೋರ್ ಮಾತಾಡ್ತಾಳಾ?”

“ಮಾತಲ್ರೀ, ಬೆರಳು ಕಾಣಂಗಿಲ್ಲ.”

“ನೋಡೂನು ತಗಾ,” ಎಂದು ಎದ್ದು ಹೋದರು. ಅವರು ಕೆಟ್ಟವರಲ್ಲ. ಅಕ್ಕನ ಬಗ್ಗೆ ನಗೆಮಾತು ಆಡಿದ್ದು ತಪ್ಪಾಯಿತೆಂದು ಅವರಿಗೂ ಅನ್ನಿಸಿತ್ತೋ ಏನೋ, ಚಪ್ಪಲಿ ಮೆಟ್ಟುವಾಗ ಎಡದ್ದು ಬಲಕ್ಕೆ ಹಾಕಿಕೊಂಡರು.

ಕಡೆಗೆ ಒಂದು ದಿನ ನಾನೇ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಮಾತು ಬಲು ಸಲೀಸು.

“ಕೊಳ್ಳೋದು ಆಮ್ಯಾಲ ಆಗ್ಲಿ ಅಕ್ಕಾರ, ಮೊದ್ಲು ನೋಡ್ರಿ. ನಿಮ್ಮ ಸಿಮ್ಮು ಇದ್ರಾಗ ಹಾಕ್ತೀನಿ. ಯಾರಿಗಾರ ಹಚ್ರಿ.”

ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ. ಅಕ್ಕನ ಮಗಳಿಗೇ ಫೋನು ಹಚ್ಚಿದೆ.

ಎಷ್ಟು ಸ್ವಚ್ಛ ಬಂತೆಂದರೆ, ಕ್ಷಣ ಹೊತ್ತು ಬರೀ ನೋಡಿದೆ. ಅಕ್ಕನ ಮಣಿಕಟ್ಟಿನ ಮಚ್ಚೆ. ಸೂಜಿ ಚುಚ್ಚಿದ ಕಡೆ ಹಳದಿಗೆ ತಿರುಗಿದ ಕಲೆ. ಯಾರೋ ನೀಟಾಗಿ ಕತ್ತರಿಸಿದ ಉಗುರು. ಬೆರಳುಗಳು ಆಡುತ್ತಿದ್ದವು. ಕಿರುಬೆರಳು ಎದ್ದಿತು, ಹಿಂದೆಯೇ ಹೆಬ್ಬೆರಳು, ನಡುವಿನದು, ಮತ್ತೆ ಕಿರುಬೆರಳು. ಎಲ್ಲೂ ನಿಲ್ಲಲಿಲ್ಲ. ನಾನಿನ್ನೂ ಏನೂ ಕೇಳಿರಲೇ ಇಲ್ಲ.

“ಅಕ್ಕ, ನಾನು. ಊಟ ಆತೇನು?”

ಬೆರಳುಗಳು ಹಾಗೇ ಆಡಿದವು. ನಿದ್ದೆಗಣ್ಣಿನಲ್ಲಿ ಸೆರಗಿನ ಚುಂಗು ಹುಡುಕುವವರ ಕೈಯಂತೆ.

“ಅಕ್ಕ, ಮುಷ್ಟಿ ಹಿಡಿ. ಸಿಸ್ಟರ್ ಬಂದ್ರು, ಮುಷ್ಟಿ.”

ಮುಷ್ಟಿ ಆಗಲಿಲ್ಲ. ನಾನು ನನ್ನ ಕೈಯನ್ನೇ ಬಿಗಿಹಿಡಿದು ಫೋನಿನ ಮುಂದೆ ತೋರಿಸಿದೆ. ಮಗಳು ಫೋನನ್ನು ಅಕ್ಕನ ಮುಖದ ಕಡೆ ತಿರುಗಿಸಿದಳು. ಅಕ್ಕನ ಕಣ್ಣು ಮೇಲೆ ತಿರುಗುತ್ತಿದ್ದ ಫ್ಯಾನಿನ ಮೇಲಿತ್ತು.

“ನೋಡ್ರಿ ಅಕ್ಕಾರ, ಒಂದ್ಚೂರಾದ್ರೂ ನಿಂತೈತಾ? ಅವ್ರು ಇಲ್ಲೇ ಎದುರಿಗೆ ಕುಂತಂಗ ಐತಲ್ರೀ!” ಅಂಗಡಿಯವನು ಗಾಜಿನ ಮೇಲೆ ಒರಗಿ ಹೇಳಿದ.

“ಹೂಂ. ಚಂದ ಕಾಣ್ತೈತ್ರಿ.”

“ಮತ್ತ, ಪ್ಯಾಕ್ ಮಾಡ್ಲ್ಯಾ?”

“ಮನ್ಯಾಗ ಕೇಳಿ ಬರ್ತೀನಿ.”

“ಆತು ಬಿಡ್ರಿ. ಎಲ್ಲಾ ಹೆಣ್ಮಕ್ಕಳೂ ಹಿಂಗ ಹೇಳಿ ಹೋಗ್ತಾರ, ಆಮ್ಯಾಲ ಗಂಡಂದ್ರು ಬಂದು ನನ್ನ ಬೈತಾರ, ಯಾಕ ತೋರ್ಸಿದಿ ಅಂತ.” ನಗುತ್ತಲೇ ಸಿಮ್ ತೆಗೆದು ನನ್ನ ಹಳೆಯದಕ್ಕೆ ಹಾಕಿಕೊಟ್ಟ. ನಾನೂ ನಕ್ಕಿರಬೇಕು. ತರಕಾರಿ ಚೀಲವನ್ನು ಅಲ್ಲೇ ಮರೆತು ಬಂದೆ.

ಮನೆಗೆ ಬಂದು ಅಕ್ಕನ ಮಗಳಿಗೆ ಮತ್ತೆ ಹಚ್ಚಿದೆ.

“ಯಾವಾಗಿಂದ ಹಿಂಗ ಅದಾಳವ್ವಾ?”

“ಚಿಗವ್ವ, ಡಾಕ್ಟರ್ ಅಂದ್ರು, ನಡುವ ಇನ್ನೊಂದು ಸಲ ಸಣ್ಣಗ ಹೊಡದೈತಿ, ನಮಗ ಗೊತ್ತಾಗಿಲ್ಲ ಅಂತ. ಯಾವಾಗ ಅಂತ ಅವ್ರಿಗೂ ತಿಳೀವಲ್ದು.”

“ನನಗ ಯಾಕ ಹೇಳಲಿಲ್ಲ?”

“ಹೆಂಗ ಹೇಳ್ಲಿ? ನೀ ದಿನಾ ಓದಿ ಓದಿ ಹೇಳ್ತಿದ್ದಿ, ಅವ್ವ ಹಿಂಗ ಅಂದ್ಳು, ಹಂಗ ಅಂದ್ಳು ಅಂತ. ನನಗೂ ಕೇಳಾಕ ಚಲೋ ಅನ್ನಿಸ್ತಿತ್ತು.” ಅವಳು ಅಳುತ್ತಿದ್ದಳು. “ನೀ ಕಳಿಸಿದ ಪುಡಿ ನಾನ ತಿಂದೆ ಚಿಗವ್ವ. ಅವ್ವಗ ಖಾರ ನುಂಗಾಕ ಬರಲ್ಲ.”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನೋಟ್‌ಬುಕ್ ತೆಗೆದು ಕುಳಿತೆ. ಮೊದಲ ಪುಟಗಳು ನಿಜ, ಅದರಲ್ಲಿ ಸಂಶಯವಿಲ್ಲ. ಅಲ್ಲಿ ಅಕ್ಕ, ನಳಿಕೆ ತೆಗೆದ ಹೊಸತರಲ್ಲಿ, ಮಗಳ ಅಡುಗೆಗೆ ಉಪ್ಪು ಕಡಿಮೆಯೆಂದು ದೂರಿದ್ದಾಳೆ, ನನ್ನ ಅತ್ತೆಯ ಬೆನ್ನು ಹುಣ್ಣಾದೀತು, ಮಗ್ಗುಲು ಬದಲಿಸು ಎಂದಿದ್ದಾಳೆ. ನನಗೆ ಹೊಳೆದಿರದ ಸಂಗತಿಗಳು ಅವು, ನಾನಾಗಿ ಹುಟ್ಟಿಸಿಕೊಳ್ಳಲಾರೆ. ಕೊನೆಯ ಪುಟಗಳು ಬರೀ ನನ್ನವು. ಅಕ್ಕ ಆಡಬೇಕೆಂದು ನಾನು ಬಯಸಿದ್ದೇ ಅಲ್ಲಿತ್ತು. ನಡುವೆ ಮೂವತ್ತು ನಲವತ್ತು ಪುಟ. ಇ, ಟಿ, ಎ ಎಂದಿದೆ ಒಂದು ಕಡೆ. ಅಕ್ಕ ಏನೋ ಹೇಳಹೊರಟು ತಡೆದಳೇ, ಅಥವಾ ಬೆರಳು ತಾನಾಗಿ ಆಡಿತೇ? ಅವಳ ಕೊನೆಯ ಮಾತು ಆ ಪುಟಗಳಲ್ಲಿ ಎಲ್ಲೋ ಇದೆ. ಅದಕ್ಕೆ ನಾನು ಉತ್ತರವನ್ನೂ ಕೊಟ್ಟಿರುತ್ತೇನೆ, ಮರುದಿನ ಹನ್ನೊಂದಕ್ಕೆ ಹಚ್ಚುತ್ತೇನೆಂದು ಹೇಳಿ ಫೋನಿಟ್ಟಿರುತ್ತೇನೆ. ಯಾವುದೆಂದು ಗೊತ್ತಾಗಲಿಲ್ಲ. ಅತ್ತೆ ಕರೆದದ್ದು ಕೇಳಿ ಎದ್ದೆ.

ಮೂರು ದಿನ ಬಿಟ್ಟು ಮನೆಯವರು ಊಟಕ್ಕೆ ಕುಳಿತಾಗ ಹೇಳಿದರು, “ಹೋಗ್ಲಿ, ತಗಂಬಿಡು ಆ ಫೋನು. ಅಂಗಡಿಯವ ಸಿಕ್ಕಿದ್ದ. ಚೀಲ ಬಿಟ್ಟು ಹೋಗ್ಯಾರ ಅಂತ ಕೊಟ್ಟ.”

“ಬ್ಯಾಡ್ರಿ. ಇದ ಸಾಕು.”

“ಯಾಕ, ಅದ್ರಾಗೂ ಕಾಣ್ಲಿಲ್ಲೇನು?”

“ಕಾಣ್ತು,” ಎಂದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಮರುದಿನ ತಾವೇ ಅಂಗಡಿ ಬಾಗಿಲು ಹಾಕಿ ಅತ್ತೆಯ ಹತ್ತಿರ ಕುಳಿತು, ಹಡಗಲಿಯ ನೇರ ಬಸ್ಸು ಸಂಜೆಗಿದ್ದುದರಿಂದ ನನ್ನನ್ನು ಹಗರಿಬೊಮ್ಮನಹಳ್ಳಿ ಬಸ್ಸು ಹತ್ತಿಸಿದರು.

ಅಲ್ಲಿ ಬಸ್ಸು ಬದಲಿಸಿ ಹಡಗಲಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಕ್ಕನ ಎಡಗೈ ಕೆಳಗೆ ನನ್ನ ಅಂಗೈ ಇಟ್ಟೆ. ಹಾಸಿಗೆಯ ಬಟ್ಟೆಯ ಮೇಲೆ ಆಡುತ್ತಿದ್ದಂತೆಯೇ ಆ ಬೆರಳುಗಳು ನನ್ನ ಅಂಗೈ ಮೇಲೂ ಆಡಿದವು. ಬೆಚ್ಚಗಿದ್ದವು. ನಾನು ಊರಿನ ಸುದ್ದಿ ಹೇಳುತ್ತಾ ಹೋದೆ. ನನ್ನ ದನಿ ಕೇಳಿದಾಗ ಉಸಿರು ಸ್ವಲ್ಪ ನಿಧಾನವಾಗುತ್ತದೆಂದು ಅಕ್ಕನ ಮಗಳು ಹೇಳಿದಳು. ನನಗೂ ಹಾಗೆ ಅನ್ನಿಸಿತು. ನಮ್ಮ ಅನ್ನಿಸಿಕೆಯನ್ನು ಈಗ ನಾನು ಅಷ್ಟಾಗಿ ನಂಬುವುದಿಲ್ಲ.

ಹೊರಡುವಾಗ ಅವಳು ಕೇಳಿದಳು, “ನಾಳಿ ಹಚ್ತಿಯಲ್ಲ ಚಿಗವ್ವ?”

“ಹಚ್ತೀನಿ. ವಿಡಿಯೊ ಬ್ಯಾಡ. ಕಿವಿ ಹತ್ರ ಇಡು, ಸಾಕು.”

ಈಗ ಹನ್ನೊಂದಕ್ಕೆ ಬರೀ ದನಿಯ ಕಾಲ್. ಹಳೆಯ ಫೋನಿಗೆ ಅದೇನೂ ಭಾರವಲ್ಲ, ಒಮ್ಮೆಯೂ ನಿಲ್ಲುವುದಿಲ್ಲ. ಸಜ್ಜೆ ರೊಟ್ಟಿ ಹರಿದುಹೋದದ್ದು, ಅತ್ತೆ ರಾತ್ರಿ ಎರಡು ಸಲ ಎಬ್ಬಿಸಿದ್ದು, ನಲ್ಲಿ ನೀರು ಬಾರದ್ದು, ಎಲ್ಲ ಹೇಳುತ್ತೇನೆ. ರೂಢಿಯಂತೆ ನಡುವೆ ಸುಮ್ಮನಾಗಿ ಕಾಯುತ್ತೇನೆ. ಆ ಕಡೆಯಿಂದ ಫ್ಯಾನಿನ ಸದ್ದು ಬರುತ್ತದೆ, ಅದರ ಕೆಳಗೆ ಅಕ್ಕನ ಉಸಿರು. ಆಮೇಲೆ ಅವಳ ಮಗಳು, “ಔಷಧಿ ಹೊತ್ತಾತು ಚಿಗವ್ವ, ಇಡ್ಲ್ಯಾ?” ಎನ್ನುತ್ತಾಳೆ.

“ಇಡವ್ವ,” ಎನ್ನುತ್ತೇನೆ.