ಅಕ್ಕಪಕ್ಕದ ಎರಡು ಸೀಟು

ಅವರ ಕಾಲಲ್ಲಿ ಯಾವಾಗಲೂ ಬಿಳಿ ಕ್ಯಾನ್ವಾಸ್ ಶೂ. ಕಾಟನ್ ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ಆ ಶೂ ಹಾಕಿಕೊಂಡು ಅವರು ಬೀದಿಗಿಳಿದರೆಂದರೆ ದಟ್ಟಗಳ್ಳಿಯ ನಮ್ಮ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಬೈಕು ನಿಲ್ಲಿಸಿದವರು ತಾವಾಗಿಯೇ ಬಂದು ತೆಗೆಯುತ್ತಿದ್ದರು. ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಆಟೋಟ ಕಲಿಸಿ ನಿವೃತ್ತರಾದವರು, ರಸ್ತೆಗೆಲ್ಲ ಪಿ.ಟಿ. ಮೇಡಂ. ಸೊಪ್ಪು ಮಾರುವವಳಿಗೂ ಮೂಲೆಮನೆಯ ಬ್ಯಾಂಕ್ ಮ್ಯಾನೇಜರಿಗೂ ಅವರದು ಒಂದೇ ಆಜ್ಞೆ: “ಬೆನ್ನು ನೆಟ್ಟಗೆ.” ಸಿಡುಕಿ ಎಂದು ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಅವರ ನೆನಪಾದಾಗ ನನಗೂ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಇದನ್ನು ಸಮಾಧಾನವಾಗಿ ಬರೆಯುವುದು ನನ್ನಿಂದಾಗದು.

ನನ್ನ ದೊಡ್ಡ ಮಗನಿಗೆ ನಾಲ್ಕು ತುಂಬುತ್ತ ಬಂದಿದ್ದರೂ ನಡಿಗೆ ಬಂದಿರಲಿಲ್ಲ. ಹುಟ್ಟಿನಿಂದಲೇ ಕಾಲಿನ ಸ್ನಾಯುಗಳಿಗೆ ಬಲ ಕಡಿಮೆ. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರೆ ಕುಸಿದು ಕೂರುತ್ತಿದ್ದ. ಡಾಕ್ಟರು ನಮಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೆ ನಮ್ಮ ಅತ್ತೆ ನೆಂಟರ ಮುಂದೆ ಹೇಳುತ್ತಿದ್ದದ್ದೇ ಬೇರೆ. ಮಗು ಸ್ವಲ್ಪ ಸೋಮಾರಿ, ಅವನಪ್ಪನೂ ತಡವಾಗಿಯೇ ನಡೆದದ್ದು ಎನ್ನುತ್ತಿದ್ದರು. ಯಾರಾದರೂ ಬಂದರೆ ಅವನನ್ನು ಒಳಕೋಣೆಯಲ್ಲಿ ಟಿ.ವಿ. ಮುಂದೆ ಕೂರಿಸಿ, ಬಾಗಿಲೆಳೆದು, ಮಲಗಿದ್ದಾನೆ ಅಂದುಬಿಡುತ್ತಿದ್ದರು. ಕೇಳಿದರೆ ದೃಷ್ಟಿಯಾಗುತ್ತದೆ ಎಂಬ ಸಬೂಬು. ಕೆಲವೇ ತಿಂಗಳಿನ, ದುಂಡುದುಂಡಗಿದ್ದ ಚಿಕ್ಕವಳನ್ನು ಮಾತ್ರ ಬಂದವರ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅವಳಿಗೆ ತಾಗದ ದೃಷ್ಟಿ ಇವನಿಗೆ ಮಾತ್ರ ಹೇಗೆ ತಾಗುತ್ತದೆ? ನಾನು ಕೇಳಿದ್ದೆ. ನನ್ನ ಗಂಡ ಎದ್ದು ಕಾರು ಒರೆಸಲು ಹೋದರು.

ಮೇಡಂ ಒಂದು ದಿನ ಪಾಪು ನೋಡಲು ಬಂದವರು ದೊಡ್ಡವನೆಲ್ಲಿ ಎಂದು ಕೇಳಿದರು. ಮಲಗಿದ್ದಾನೆ ಎಂದರು ಅತ್ತೆ. ಒಳಗೆ ಟಿ.ವಿ.ಯಲ್ಲಿ ಕಾರ್ಟೂನು ಕಿರುಚುತ್ತಿತ್ತು. ಮೇಡಂ ನೇರವಾಗಿ ಬಾಗಿಲು ತಳ್ಳಿಕೊಂಡು ಹೋಗಿ, ಶೂ ಕಳಚಿ ಪಕ್ಕಕ್ಕಿಟ್ಟು, ಅವನ ಎದುರು ನೆಲದ ಮೇಲೆ ಕಾಲು ಚಾಚಿ ಕುಳಿತರು. ಅವನ ಮೀನಖಂಡ ಒತ್ತಿ ನೋಡಿದರು. ಮಾರನೆಯ ಸಂಜೆ ಒಂದು ರಬ್ಬರ್ ಚೆಂಡು ತಂದರು. ಅಲ್ಲಿಂದ ಮುಂದೆ ದಿನಾ ಸಂಜೆ ಬಂದು, ಕೂತಲ್ಲೇ ಎಸೆದು ಹಿಡಿಯುವ ಆಟ ಆಡಿಸುತ್ತಿದ್ದರು. ಚೆಂಡು ಬಿಟ್ಟರೆ ಅವನಿಗೂ ಬೈಗುಳವೇ. ಅವನಿಗೆ ಅದರಷ್ಟು ಖುಷಿ ಕೊಡುವ ಸಂಗತಿ ಮನೆಯಲ್ಲಿ ಇನ್ನೊಂದಿರಲಿಲ್ಲ, ಏಕೆಂದರೆ ಬೇರೆ ಮಕ್ಕಳಂತೆ ಬೈಯುವಷ್ಟು ಸಲೀಸಾಗಿ ಅವನನ್ನು ಯಾರೂ ನಡೆಸಿಕೊಂಡಿರಲಿಲ್ಲ. ಇವನು ನಡೀತಾನಾ ಮೇಡಂ ಎಂದು ನಾನೊಮ್ಮೆ ಕೇಳಿದೆ.

“ನಂಗೊತ್ತಿಲ್ಲ ಕಣಮ್ಮ. ಆದ್ರೆ ಬೀದಿ ನೋಡ್ಬೇಕು ಅವ್ನು. ಅದಕ್ಕೆ ಕಾಲು ಬೇಡ.”

ಬೀದಿಗೆ ಒಯ್ಯುವುದು ಹೇಗೆ? ಸಿಸೇರಿಯನ್ ಆದ ಮೈ, ಕಂಕುಳಲ್ಲಿ ಕೂಸು. ದೊಡ್ಡವನನ್ನು ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ಇಬ್ಬರನ್ನೂ ಕೂರಿಸಿ ತಳ್ಳುವಂಥ ಸ್ಟ್ರಾಲರ್ ಬೇಕೆಂದು ನಾನು ಹಟ ಹಿಡಿದೆ. ನನ್ನ ಗಂಡ ಒಪ್ಪಿದರು, ಆದರೆ ಒಪ್ಪಿದ ರೀತಿ ನೋಡಬೇಕಿತ್ತು. ವಾರಗಟ್ಟಲೆ ಫೋನು ಹಿಡಿದು ಕೂತು ಯಾವುದರ ತೂಕ ಎಷ್ಟು, ಯಾವುದು ಡಿಕ್ಕಿಯಲ್ಲಿ ಮಡಚಿ ಹಿಡಿಸುತ್ತದೆ, ಯಾವುದರ ಬ್ರೇಕಿನ ಬಗ್ಗೆ ಜನ ಏನು ಬರೆದಿದ್ದಾರೆ ಎಂದು ಓದಿ ಹೇಳಿದ್ದೇ ಹೇಳಿದ್ದು. ಬೆಲ್ಟು, ಬೇರಿಂಗು, ಗಾಲಿ, ಎಲ್ಲದರ ಮಾತೂ ಆಯಿತು. ಅದರಲ್ಲಿ ಕೂರಬೇಕಾದ ಮಗನ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಕೊನೆಗೆ ಒಂದು ಭಾನುವಾರ ಊರೊಳಗಿನ ಮಕ್ಕಳ ಸಾಮಾನಿನ ಅಂಗಡಿಗೆ ಹೊರಟೆವು. ಮೇಡಂ ಯಾರೂ ಕರೆಯದಿದ್ದರೂ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದರಲ್ಲಿ ಸೀಟುಗಳು ಹಿಂದೆಮುಂದೆ. ಗಾಡಿ ಸಪೂರ, ಎಂಥ ಬಾಗಿಲಲ್ಲೂ ತೂರುತ್ತದೆ, ಆದರೆ ಹಿಂದಿನ ಸೀಟು ತಗ್ಗಿನಲ್ಲಿ, ಮುಂದಿನದರ ಬೆನ್ನಿಗೆ ಅಂಟಿಕೊಂಡಂತೆ, ಮೇಲೊಂದು ಬಿಸಿಲಿನ ಮುಸುಕು. ಇನ್ನೊಂದರಲ್ಲಿ ಎರಡೂ ಸೀಟು ಅಕ್ಕಪಕ್ಕ, ಗಾಡಿ ಅಗಲ, ತೂಕವೂ ಹೆಚ್ಚು. ಮೇಡಂ ಎರಡನ್ನೂ ಅಂಗಡಿಯ ಉದ್ದಕ್ಕೂ ತಳ್ಳಿ, ಬ್ರೇಕು ಒತ್ತಿ ಅಲ್ಲಾಡಿಸಿ ನೋಡಿ, ನಮ್ಮ ಫುಟ್‌ಪಾತಿನ ಯೋಗ್ಯತೆಗೆ ಸಪೂರದ್ದೇ ವಾಸಿ ಅಂದರು. ನನ್ನ ಗಂಡನಿಗೂ ಅದೇ ಬೇಕಿತ್ತು. ಬಿಲ್ಲು ಹಾಕಿಸುವುದೊಂದು ಬಾಕಿ.

ಆಗ ಅತ್ತೆ ನಿರಾಳವಾಗಿ ಹೇಳಿದರು: “ಇದೇ ಚೆನ್ನಾಗಿದೆ. ಮುಂದೆ ಪಾಪು ಕೂತ್ಕೊಳತ್ತೆ. ಅವ್ನನ್ನ ಹಿಂದೆ ಕೂರ್ಸಿ ಈ ಮುಸುಕು ಇಳಿಸ್ಬುಟ್ರೆ ಯಾರಿಗೂ ಕಾಣಲ್ಲ.”

ಮೇಡಂ ಗಾಡಿಯಿಂದ ಕೈ ತೆಗೆದರು. ದನಿ ಏರಿಸಲಿಲ್ಲ, ಬೀದಿಗೆಲ್ಲ ಕೇಳುವಂತೆ ಮಾತಾಡುವವರು ಅವತ್ತು ಮೆಲ್ಲಗೆ ಕೇಳಿದರು. “ಮಗು ಏನು ಕದ್ದ ಮಾಲೇನ್ರೀ, ಮುಚ್ಕೊಂಡು ಸಾಗ್ಸಕ್ಕೆ?”

ಅತ್ತೆಯ ಮುಖ ಕಪ್ಪಿಟ್ಟಿತು. ಇದು ನಮ್ಮ ಮನೆ ವಿಷಯ ಎಂದರು. ಹೌದು, ಅದಕ್ಕೇ ಮನೆಯವರನ್ನೇ ಕೇಳುತ್ತೇನೆ ಎಂದು ಮೇಡಂ ನನ್ನ ಕಡೆ ತಿರುಗಿ, ಹೆತ್ತವಳು ನೀನು, ಯಾವುದು ಬೇಕು ಹೇಳು ಅಂದರು. ನಾನು ಅಗಲದ್ದನ್ನು ತೋರಿಸಿದೆ. ಅದು ನಮ್ಮ ಚಿಕ್ಕ ಗೇಟಿನಲ್ಲಿ ಹಿಡಿಸುವುದಿಲ್ಲ ಎಂದರು ನನ್ನ ಗಂಡ.

“ಕಾರಿಗೆ ತೆಗೀತೀಯಲ್ಲಪ್ಪ ದೊಡ್ಡ ಗೇಟು, ಮಗನಿಗೂ ತೆಗಿ.”

ಅಗಲದ್ದನ್ನೇ ಕೊಂಡೆವು, ನನ್ನ ಗಂಡ ದೊಡ್ಡ ಗೇಟು ತೆಗೆದರು. ಮರುದಿನದಿಂದ ನನ್ನ ಮಗ ಬೀದಿ ನೋಡಿದ. ನಾಯಿಗೆ ಮೂರು ಹೊತ್ತು ಅನ್ನ ಹಾಕುವ ಮನೆ ಯಾವುದು, ಹೂವಿನವಳು ಯಾವ ಗೇಟಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾಳೆ, ಎಲ್ಲವನ್ನೂ ಬಂದು ವರದಿ ಮಾಡುವನು. ಆದರೆ ಅಗಲದ ಗಾಡಿಗೆ ದಾರಿ ಎಲ್ಲಿತ್ತು? ಫುಟ್‌ಪಾತಿನಲ್ಲಿ ಜಲ್ಲಿ ರಾಶಿ, ಕಾರು ಹತ್ತಿಸಲು ಕಟ್ಟಿದ ಇಳಿಜಾರು, ಕುಂಡಗಳು. ಲಕ್ಷಗಟ್ಟಲೆ ಸುರಿದು ಮನೆ ಕಟ್ಟಿದವರಿಗೆ ಒಂದು ಮಗು ಹಾದುಹೋಗಲು ಮೊಳದಷ್ಟು ಜಾಗ ಬಿಡುವ ಮನಸ್ಸಿಲ್ಲ. ಮೇಡಂ ಮುಂದೆ ಹೋಗಿ ಕಾಲಿಂಗ್ ಬೆಲ್ ಒತ್ತಿ ಒತ್ತಿ ಜಗಳವಾಡುತ್ತಿದ್ದರು. ಅವರ ಬೆನ್ನ ಹಿಂದೆ ಜನ ಬಜಾರಿ ಎಂದದ್ದನ್ನು ನಾನೇ ಕೇಳಿದ್ದೇನೆ. ದೊಡ್ಡವನನ್ನು ನೋಡಿ ಯಾರಾದರೂ ಪಾಪ ಎಂದು ಲೊಚಗುಟ್ಟಿದರೆ, ಪಾಪ ಅನ್ನಬೇಡಿ, ಹೆಸರು ಕೇಳಿ, ಹೇಳುತ್ತಾನೆ ಎಂದು ಅಲ್ಲೇ ನಿಲ್ಲಿಸಿ ಕೇಳಿಸುತ್ತಿದ್ದರು. ಅತ್ತೆ ಮಾತ್ರ ಒಂದು ದಿನವೂ ನಮ್ಮ ಜೊತೆ ಗೇಟು ದಾಟಲಿಲ್ಲ. ಮೇಡಂ ಬಂದರೆ ಅಡುಗೆಮನೆಗೆ ಹೋಗಿಬಿಡುವರು.

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಮೇಡಂ ಎದೆ ಹಿಡಿದುಕೊಳ್ಳತೊಡಗಿದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಗ್ಯಾಸು ಕಣಮ್ಮ ಎಂದು ಜೀರಿಗೆ ನೀರು ಕುಡಿದರು. ನನ್ನ ಮಗನ ಕಾಲಿನ ಒಂದೊಂದು ನರವನ್ನೂ ಒತ್ತಿ ನೋಡಿದವರಿಗೆ ತಮ್ಮ ಎದೆಯ ನೋವು ಲೆಕ್ಕಕ್ಕೇ ಇಲ್ಲ. ಈ ಸಿಟ್ಟು ನನಗೆ ಯಾವತ್ತೂ ಹೋಗುವುದಿಲ್ಲ. ಒಂದು ಬೆಳಿಗ್ಗೆ ಹಾಲಿನವನು ಕರೆದಾಗ ಅವರು ಏಳಲಿಲ್ಲ.

ಸಾವಿನ ಮನೆಗೆ ಮಕ್ಕಳನ್ನು ಒಯ್ಯಬಾರದು ಎಂದರು ಅತ್ತೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ದೊಡ್ಡ ಗೇಟು ತೆಗೆದು ತಳ್ಳಿಕೊಂಡು ಹೊರಟೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. ಬಜಾರಿ ಎಂದಿದ್ದವರೆಲ್ಲ ಅಂಗಳದಲ್ಲಿ ನಿಂತು, ಎಂಥ ಶಿಸ್ತಿನ ಹೆಂಗಸು ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಡಂ ಅವರನ್ನು ವರಾಂಡದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಚಾಮರಾಜಪುರಂನಿಂದ ಬಂದಿದ್ದ ಅವರ ನೆಂಟರಾಕೆಯೊಬ್ಬರು ನಮ್ಮ ಗಾಡಿ ನೋಡಿ, ಇಷ್ಟು ದೊಡ್ಡ ಹುಡುಗನಿಗೆ ಗಾಡಿ ಯಾಕೆ, ಇಳಿಸಿ, ನಡೆದು ಬಂದು ನಮಸ್ಕಾರ ಮಾಡಲಿ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಅತ್ತೆಯ ದನಿ ಬಂತು.

“ಅವ್ನಿಗೆ ಕಾಲಲ್ಲಿ ಬಲ ಇಲ್ಲ ಕಣ್ರೀ. ನಡೆಯಕ್ಕಾಗಲ್ಲ. ನನ್ನ ಮೊಮ್ಮಗ.”

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಗಾಡಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು, ಅಳುತ್ತಿದ್ದರು. ನನಗೆ ಕರುಣೆ ಬರಲಿಲ್ಲ. ಆ ಮಾತನ್ನು ಅವರು ನಿನ್ನೆಯೇ, ಮೇಡಂ ಕೇಳುವಂತೆ, ಹೇಳಬಹುದಿತ್ತು. ನಿನ್ನೆ ಸಂಜೆ ಮೇಡಂ ನಮ್ಮ ಗೇಟಿನ ಹತ್ತಿರವೇ ನಿಂತಿದ್ದರು.